ಸೀತಾಂಗೋಳಿಯ ಹಿಂದಿ ತರಗತಿ

ಕಳೆದ ಶನಿವಾರ ಬಾವಿಕಟ್ಟೆಯ ಪಕ್ಕದ ತೊಂಡೆ ಚಪ್ಪರವನ್ನು ಸ್ವಲ್ಪ ಸವರಿದೆ. ಮಳೆ ಬಿಟ್ಟ ಮೇಲೆ ಅದು ಯಾರ ಮಾತೂ ಕೇಳದೆ ಆಚೆಯ ನುಗ್ಗೆಮರಕ್ಕೂ ಹತ್ತಿತ್ತು. ಬಳ್ಳಿ ಹಿಡಿದು ಎಳೆಯುವಾಗ ಎಲೆಗಳು ಅಂಗೈಯಲ್ಲಿ ನುರಿದುಹೋದವು. ಹಸಿಯಾದ, ಸ್ವಲ್ಪ ಕಹಿಯಾದ ಒಂದು ವಾಸನೆ. ಸೋಪು ಹಾಕಿ ತೊಳೆದರೂ ಕೈ ಬಿಡಲಿಲ್ಲ. ಬಿಡುವುದು ನನಗೂ ಬೇಡವಾಗಿತ್ತು, ಹಾಗಾಗಿ ಇನ್ನೊಮ್ಮೆ ತೊಳೆಯಲಿಲ್ಲ...

ಉಳಿದವರಿಗೆ ತೊಂಡೆ ಎಂದರೆ ಪಲ್ಯ. ನನಗೆ ಅದು ಹಿಂದಿ ಮಾಸ್ತರ ವಾಸನೆ. ನಾನು ಕಲಿತ ಕನ್ನಡ ಶಾಲೆಯಲ್ಲಿ ಶನಿವಾರಗಳಂದು ಕರಿಹಲಗೆಗೆ ತೊಂಡೆ ಸೊಪ್ಪು ಮತ್ತು ಇದ್ದಲು ಸೇರಿಸಿ ತಿಕ್ಕುವ ಕ್ರಮವಿತ್ತು. ಉಳಿದ ಮಾಸ್ತರುಗಳು ಆ ಕೆಲಸವನ್ನು ಮಕ್ಕಳಿಗೆ ಬಿಟ್ಟು ಚಹಾಕ್ಕೆ ಹೋಗುತ್ತಿದ್ದರು. ಹಿಂದಿ ಮಾಸ್ತರು ಮಾತ್ರ ಬಿಳಿ ಅಂಗಿಯ ತೋಳು ಮಡಚಿ ತಾವೇ ತಿಕ್ಕುತ್ತಿದ್ದರು. ಮೊಣಕೈವರೆಗೆ ಹಸಿರೂ ಕಪ್ಪೂ ಬೆರೆತ ನೀರು ಇಳಿಯುತ್ತಿತ್ತು. ನಾವು ಹಿಂದೆ ಕುಳಿತು ನಗುತ್ತಿದ್ದೆವು. ನಗುವುದಕ್ಕೆ ಕಾರಣ ಬೇಕೇ ಬೇಕು ಎಂದೇನೂ ಇರಲಿಲ್ಲ, ಅವರು ಹಿಂದಿ ಮಾಸ್ತರಾಗಿದ್ದದ್ದೇ ಸಾಕಿತ್ತು.

ನಮ್ಮ ಜಿಲ್ಲೆಯಲ್ಲಿ ಭಾಷೆಯ ಸುದ್ದಿ ಎತ್ತಿದರೆ ಕನ್ನಡದವರಿಗೂ ಮಲಯಾಳದವರಿಗೂ ರಕ್ತ ಬಿಸಿಯಾಗುತ್ತದೆ. ಹಿಂದಿ ಮಾತ್ರ ಯಾರ ಜಗಳಕ್ಕೂ ಬೇಡವಾದ ಪಾಪದ ಭಾಷೆ. ಅದರ ಮಾಸ್ತರೂ ಹಾಗೆಯೇ ಇದ್ದರು. ಎಡನೀರಿನ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು, ತಮ್ಮನ ಸಂಸಾರದ ಜೊತೆಗೆ ವಾಸ. ಮದುವೆಯಾಗಿರಲಿಲ್ಲ. ಜಾತಕದಲ್ಲಿ ದೋಷ ಎಂದು ಕೆಲವರು, ಎದೆ ಗಟ್ಟಿ ಇಲ್ಲ ಎಂದು ಕೆಲವರು, ಹಿಂದಿ ಕಲಿಯಲಿಕ್ಕೆ ಹೋದಲ್ಲಿ ಯಾವಳೋ ಕೈಕೊಟ್ಟಳು ಎಂದು ಮತ್ತೆ ಕೆಲವರು ಹೇಳುತ್ತಿದ್ದರು. ಊರಿನವರಿಗೆ ಕಾರಣಗಳಿಗೇನು ಬರವೇ? ಪಾಠ ಶುರು ಮಾಡುವ ಮೊದಲು ಅವರು ಡಸ್ಟರಿನ ಮರದ ಬದಿಯಿಂದ ಮೇಜಿಗೆ ಟಕ್ ಟಕ್ ಎಂದು ಬಡಿಯುತ್ತಿದ್ದರು. ಮತ್ತೆ ರೇಡಿಯೊ ವಾರ್ತೆಯ ಹಾಗೆ ಒಂದೊಂದೇ ಶಬ್ದ ತೊಳೆದಿಟ್ಟಂಥ ಹಿಂದಿ ಹೊರಡುತ್ತಿತ್ತು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ತಾವೇ ಊರಿಗೆ ಹೇಳದೆ ಹೋದದ್ದನ್ನು ಅವರ ಹೆಸರು ಹಿಡಿದು ಹೇಳಲು ನಾನು ಯಾರು?

ಶಾಲೆ ಬಿಟ್ಟು ಬಹಳ ವರ್ಷಗಳಾದ ಮೇಲೆ ನಾನು ಸೀತಾಂಗೋಳಿಯ ಒಂದು ಸಣ್ಣ ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸಕ್ಕಿದ್ದೆ. ತಂದೆ ತೀರಿಕೊಂಡಿದ್ದರು. ಒಡಹುಟ್ಟಿದ ಅಕ್ಕ ಮದುವೆಯಾಗಿ ಮುಂಬಯಿಯಲ್ಲಿದ್ದಳು. ಮನೆಯಲ್ಲಿ ನಾನು ಮತ್ತು ಅಮ್ಮ. ಅಮ್ಮ ನನಗೆ ಹುಡುಗಿ ನೋಡಲು ಶುರು ಮಾಡಿದ್ದರು. ನನ್ನ ಮನಸ್ಸು ಹುಡುಗಿಯರ ಕಡೆಗೆ ಹೋಗುವುದಲ್ಲ, ಗಂಡಸರ ಕಡೆಗೆ ಹೋಗುವುದು ಎಂದು ನನಗೆ ಶಾಲೆಯ ದಿನಗಳಿಂದಲೇ ಗೊತ್ತಿತ್ತು. ಅದನ್ನು ಯಾರಿಗೆ ಹೇಳುವುದು? ಹೇಳದೆ ಒಬ್ಬ ಹುಡುಗಿಯ ಬಾಳು ಹಾಳು ಮಾಡುವುದು ಹೇಗೆ? ಬದುಕುವುದೇ ಬೇಡ ಎನಿಸಿದ ದಿನಗಳೂ ಇದ್ದವು. ಅಂಥ ಒಂದು ದಿನ ಮೊಬೈಲಿನಲ್ಲಿ ಹುಡುಕಿ, ನಮ್ಮಂಥವರಿಗಾಗಿಯೇ ಇದ್ದ ಒಂದು ಸಹಾಯವಾಣಿಗೆ ಫೋನ್ ಮಾಡಿದೆ. ದೂರದ ಯಾವುದೋ ನಗರದ ಹೆಂಗಸೊಬ್ಬರು ಎತ್ತಿದರು. ದೇಶದ ಬೇರೆ ಬೇರೆ ಊರುಗಳಲ್ಲಿ ನಮ್ಮಂಥವರು ಸೇರಿ ನಡೆಸುವ ಕೇಂದ್ರಗಳ ಒಂದು ಒಕ್ಕೂಟ ಅದು. ನನ್ನ ಜಿಲ್ಲೆ ಕೇಳಿದವರು, ಕಾಸರಗೋಡು ಎಂದ ಕೂಡಲೇ, ಅಲ್ಲಿಯೂ ನಮ್ಮ ಒಂದು ಕೇಂದ್ರ ಇದೆ, ಅಲ್ಲಿಯವರಿಂದ ಫೋನ್ ಮಾಡಿಸಲೇ ಎಂದರು.

ಮರುದಿನ ಊಟದ ಬಿಡುವಿನಲ್ಲಿ ಗೋಡೌನಿನ ಹಿಂದೆ ನಿಂತಿದ್ದಾಗ ಫೋನ್ ಬಂತು. ಎತ್ತಿದೆ. ಮೊದಲು ಮಾತಿಲ್ಲ. ಯಾರೋ ಬೆರಳಿನಿಂದ ಮೇಜಿಗೆ ಟಕ್ ಟಕ್ ಎಂದು ಬಡಿದ ಸದ್ದು. ಆಮೇಲೆ ಆ ತೊಳೆದಿಟ್ಟ ಹಿಂದಿ.

ಅದು ಹಿಂದಿ ಮಾಸ್ತರ ದನಿಯೇ. ಫೋನ್ ಮಾಡಿದವನು ಕನ್ನಡದವನೋ, ಮಲಯಾಳದವನೋ, ಬ್ಯಾರಿಯೋ ಎಂದು ಗೊತ್ತಿಲ್ಲದ ಕಾರಣ ಅವರು ಯಾರದ್ದೂ ಅಲ್ಲದ ಭಾಷೆಯಲ್ಲಿ ಮಾತು ಶುರು ಮಾಡುತ್ತಿದ್ದರಂತೆ. ನಾನು ಹರಕು ಹಿಂದಿಯಲ್ಲಿ ಏನೋ ಹೇಳಿದೆ. ನನ್ನ ದನಿಯ ಗುರುತು ಅವರಿಗೂ ಸಿಕ್ಕಿರಬೇಕು. ಮತ್ತೆ ಕನ್ನಡ ಬಂತು.

"ನೀನು ಕಿಟಕಿ ಹತ್ರ ಕೂತುಕೊಳ್ತಿದ್ದವ ಅಲ್ವಾ?"

"ಹೌದು ಸರ್."

"ಊಟ ಆಯ್ತಾ?"

"ಇಲ್ಲ ಸರ್."

"ಮೊದಲು ಊಟ ಮಾಡು. ಭಾನುವಾರ ಸೀತಾಂಗೋಳಿ ಪೇಟೆಗೆ ಬಾ, ಟೈರ್ ಅಂಗಡಿಯ ಮೇಲೆ ನಮ್ಮ ರೂಮು ಉಂಟು. ಹೆದರ್ಬೇಡ... ನಾನೂ ನಿನ್ನ ಹಾಗೆಯೇ ಮಾರಾಯ."

ತಮ್ಮ ಬಗ್ಗೆ ಅವರು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವತ್ತು ಬುತ್ತಿ ಬಿಚ್ಚಿ ಉಂಡೆ. ತಣ್ಣಗಾದ ಅನ್ನ ಅಷ್ಟು ರುಚಿಯಾದದ್ದು ಮತ್ತೆ ನೆನಪಿಲ್ಲ.

ಟೈರ್ ಅಂಗಡಿಯ ಬದಿಯ ಮೆಟ್ಟಿಲು ಹತ್ತಿದರೆ ಒಂದು ತಗಡಿನ ಬೋರ್ಡು. ಮಾಸ್ತರ ಗುಂಡಗಿನ ಕೈಬರಹದಲ್ಲಿ 'ಹಿಂದಿ ತರಗತಿ' ಎಂದಿತ್ತು. ಒಳಗೆ ಬೆಂಚುಗಳು, ಶಾಲೆಯಿಂದ ಹಳತಾಗಿ ಬಂದ ಕರಿಹಲಗೆ, ಚಹಾದ ಸ್ಟವ್. ಟೆರೇಸಿನಲ್ಲಿ ಮಣ್ಣು ತುಂಬಿದ ಚೀಲದಿಂದ ತೊಂಡೆ ಬಳ್ಳಿಯೊಂದು ಕಬ್ಬಿಣದ ಸರಳಿಗೆ ಹಬ್ಬಿತ್ತು. ನಾನು ಅದನ್ನು ನೋಡಿ ನಕ್ಕೆ. ಅವರೂ ನಕ್ಕರು.

ಆ ಕೋಣೆಯನ್ನು ಮಾಸ್ತರು ನಿವೃತ್ತರಾದ ಮೇಲೆ ಶುರು ಮಾಡಿದ್ದು. ಜೊತೆಗಿದ್ದದ್ದು ಕುಂಬಳೆಯ ಕಡೆಯ ಒಬ್ಬಳು, ನಾವೆಲ್ಲ ಅಕ್ಕ ಎಂದೇ ಕರೆಯುವವಳು. ಹುಟ್ಟುವಾಗ ಗಂಡೆಂದು ಬರೆಸಿಕೊಂಡು, ಹೆಣ್ಣಾಗಿ ಬದುಕಲು ಮನೆ ಬಿಟ್ಟವಳು, ರವಿಕೆ ಹೊಲಿದು ಜೀವನ ಮಾಡುತ್ತಿದ್ದಳು. ಮೊದಮೊದಲು ಇಬ್ಬರೇ ಕುಳಿತು ಬಾಗಿಲು ನೋಡುತ್ತಿದ್ದರಂತೆ. ಒಕ್ಕೂಟದ ಯಾರೋ ಒಬ್ಬರು ರೈಲಿನಲ್ಲಿ ಬಂದು ಕೆಲವು ದಿನ ಇದ್ದು, ಫೋನಿನಲ್ಲಿ ಅಳುವವರ ಜೊತೆ ಹೇಗೆ ಮಾತಾಡಬೇಕು, ಮನೆಯಿಂದ ಹೊರಹಾಕಿದವರನ್ನು ಎಲ್ಲಿ ಉಳಿಸಬೇಕು ಎಂದು ಹೇಳಿಕೊಟ್ಟು ಹೋದರು. ಮತ್ತೆ ಜನ ಬರತೊಡಗಿದರು. ಗಲ್ಫ್ ಬಿಟ್ಟು ಬಂದ ಮೊಗ್ರಾಲಿನ ಡ್ರೈವರ್, ಒಟ್ಟಿಗೆ ಬಾಳಬೇಕೆಂದು ಆಸೆಪಟ್ಟ ಇಬ್ಬರು ನರ್ಸುಗಳು, ಹೆಸರು ಹೇಳದೆ ಮೂಲೆಯಲ್ಲಿ ಕುಳಿತು ಚಹಾ ಕುಡಿದು ಹೋಗುವವರು. ಒಕ್ಕೂಟದಿಂದ ತಿಂಗಳಿಗೊಮ್ಮೆ ಕೌನ್ಸೆಲಿಂಗ್ ಮಾಡುವವರು ಬರುತ್ತಿದ್ದರು, ಬಾಡಿಗೆಗೆ ಒಂದಷ್ಟು ಆಸರೆಯಿತ್ತು, ಠಾಣೆಗೆ ಹೋಗಬೇಕಾಗಿ ಬಂದರೆ ವಕೀಲರು ಸಿಗುತ್ತಿದ್ದರು.

ಭಾನುವಾರದ ಮೊದಲ ಅರ್ಧ ಗಂಟೆ ನಿಜವಾಗಿ ಹಿಂದಿ ಪಾಠ. ಎಲ್ಲರೂ ಕೂರಲೇಬೇಕು, ಬರೆಯಲೇಬೇಕು. ಇದೆಂಥ ಉಪದ್ರ ಸರ್ ಎಂದು ಡ್ರೈವರ್ ಗೊಣಗುತ್ತಿದ್ದ. ಮಾಸ್ತರು ಬಿಡುತ್ತಿರಲಿಲ್ಲ.

"ಮನೆಯಲ್ಲಿ ಎಂತ ಕಲ್ತೆ ಅಂತ ಕೇಳಿದ್ರೆ ಹೇಳ್ಲಿಕ್ಕೆ ನಿಜ ಎಂತಾದ್ರೂ ಬೇಕಲ್ಲ? ಪೂರ್ತಿ ಹೇಳ್ಲಿಕ್ಕೆ ಆಗುದಿಲ್ಲ, ಸರಿ. ಸುಳ್ಳು ಹೇಳುದು ಬೇಡ."

ಪಾಠ ಮುಗಿದ ಮೇಲೆ ಒಕ್ಕೂಟದ ಬೇರೆ ಕೇಂದ್ರಗಳ ಜೊತೆ ವಿಡಿಯೊ ಕರೆ. ನಮ್ಮಲ್ಲಿ ಸಲೀಸಾಗಿ ಹಿಂದಿ ಬರುತ್ತಿದ್ದದ್ದು ಮಾಸ್ತರಿಗೆ ಮಾತ್ರ. ಅವರ ಪುಸ್ತಕದ ಹಿಂದಿ ಕೇಳಿ ಉತ್ತರದವರು ಮೊದಲು ಮುಸಿಮುಸಿ ನಕ್ಕರು, ಆಮೇಲೆ ಗುರೂಜಿ ಎಂದು ಕರೆಯತೊಡಗಿದರು. ಶಾಲೆಯಲ್ಲಿ ಯಾರಿಗೂ ಬೇಡವಾಗಿದ್ದ ಆ ಹಿಂದಿ ಕೊನೆಗೂ ಒಂದು ಕೆಲಸಕ್ಕೆ ಬಂತು. ಬಿಹಾರದ ಒಂದು ಕೇಂದ್ರವನ್ನು ಅಲ್ಲಿಯ ಮಾಲಕ ಖಾಲಿ ಮಾಡಿಸಿದಾಗ ಅದನ್ನು ನಡೆಸುತ್ತಿದ್ದ ಹೆಂಗಸು ಎಲ್ಲ ಬಿಟ್ಟು ಮನೆಯೊಳಗೆ ಸೇರಿಕೊಂಡಿದ್ದಳು. ಮಾಸ್ತರು ಪ್ರತಿ ಸಂಜೆ ಅವಳಿಗೆ ಫೋನ್ ಮಾಡಿ, ಇವತ್ತು ಅಡಿಗೆ ಎಂತ ಎಂದು ಕೇಳುತ್ತಿದ್ದರು. ಬೇರೆ ಏನೂ ಕೇಳುತ್ತಿರಲಿಲ್ಲ. ಗುರೂಜಿಗೆ ಹೇಳಬೇಕಲ್ಲ ಎಂದು ಅವಳು ಅಡಿಗೆ ಮಾಡತೊಡಗಿದಳು, ಮತ್ತೆ ಹೊರಗೆ ಬಂದಳು, ಮತ್ತೆ ಬೇರೆ ಗಲ್ಲಿಯಲ್ಲಿ ಬಾಗಿಲು ತೆರೆದಳು.

ಇಷ್ಟೆಲ್ಲ ಸರಿಯಾಗಿ ನಡೆಯುತ್ತಿದ್ದಾಗ ಒಂದು ಭಾನುವಾರ ನನ್ನ ಅಮ್ಮ ಕೊಡೆ ಊರಿಕೊಂಡು ಮೆಟ್ಟಿಲು ಹತ್ತಿ ಬಂದರು! ಮುಂಬಯಿಯ ಮೊಮ್ಮಕ್ಕಳಿಗೆ ಹಿಂದಿ ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ. ಫೋನಿನಲ್ಲಿ ಅಜ್ಜಿಯೂ ಮಕ್ಕಳೂ ಒಬ್ಬರ ಮುಖ ಒಬ್ಬರು ನೋಡಿ ನಗುವುದೇ ಆಗಿತ್ತು. ನಾನು ವಾರವಾರ ಹಿಂದಿಗೆ ಹೋಗುವುದನ್ನು ನೋಡಿ ಅವರಿಗೂ ಆಸೆಯಾಗಿತ್ತು.

"ಮಾಸ್ತ್ರೇ, ನನ್ನನ್ನೂ ಸೇರಿಸಿಕೊಳ್ತೀರಾ? ತಲೆ ಸ್ವಲ್ಪ ಮಂದ ಉಂಟು."

ನಾವೆಲ್ಲ ಬೆಂಚಿಗೆ ಅಂಟಿಕೊಂಡೆವು. ಅಕ್ಕ ಚಹಾದ ಪಾತ್ರೆ ಹಿಡಿದು ಹಾಗೆಯೇ ನಿಂತಳು. ಮಾಸ್ತರು ಮಾತ್ರ, ಬನ್ನಿ ಅಮ್ಮ, ಕೂತುಕೊಳ್ಳಿ ಎಂದು ಡಸ್ಟರು ಬಡಿದರು. ಅವತ್ತು ಪಾಠ ಮುಗಿಯಲೇ ಇಲ್ಲ. ಮುಂದಿನ ವಾರವೂ ಅಮ್ಮ ಬಂದರು, ಅದರ ಮುಂದಿನ ವಾರವೂ ಬಂದರು. ಅಕ್ಕನ ಕೈಯಲ್ಲಿ ರವಿಕೆ ಹೊಲಿಸಿಕೊಂಡರು, ನರ್ಸುಗಳಿಗೆ ಉಪ್ಪಿನಕಾಯಿ ತಂದುಕೊಟ್ಟರು. ಇಲ್ಲಿ ಎಂಥವರು ಸೇರುತ್ತಾರೆಂದು ಅವರಿಗೆ ತಿಳಿದಿತ್ತೋ ಇಲ್ಲವೋ, ಕೇಳುವ ಧೈರ್ಯ ನನಗಿರಲಿಲ್ಲ.

ಒಂದು ಭಾನುವಾರ ಅಮ್ಮ ಪಾಠದಿಂದ ಎದ್ದು ಹೊರಡುವ ಮೊದಲೇ ಒಕ್ಕೂಟದ ಕರೆ ಬಂತು. ಮಾಸ್ತರು ಅದನ್ನು ಕಡಿದು ಹಾಕಲಿಲ್ಲ. ಮಧ್ಯಪ್ರದೇಶದ ಒಂದು ಕೇಂದ್ರದ ನಡುವಯಸ್ಸಿನ ಗಂಡಸು. ಕಲಿತದ್ದನ್ನು ಪರೀಕ್ಷಿಸುವ ಉಮೇದಿನಲ್ಲಿ ಅಮ್ಮ ಮುಂದೆ ಹೋಗಿ ಕುಳಿತು, ನಿಮ್ಮ ಮನೆಯಲ್ಲಿ ಯಾರೆಲ್ಲ ಇದ್ದಾರೆ ಎಂದು ಹಿಂದಿಯಲ್ಲಿ ಕೇಳಿದರು. ನಾನು ಮತ್ತು ನನ್ನ ಸಂಗಾತಿ, ಅವನೂ ಗಂಡಸೇ, ನಾವು ಬಹಳ ವರ್ಷಗಳಿಂದ ಒಟ್ಟಿಗೆ ಇದ್ದೇವೆ ಎಂದ ಅವನು. ಅಮ್ಮ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು. ಮತ್ತೆ ಫೋನಿನತ್ತ ತಿರುಗಿ, ತಡವರಿಸುತ್ತ, ನಿಮ್ಮ ತಾಯಿಗೆ ಗೊತ್ತಿದೆಯೇ ಎಂದು ಕೇಳಿದರು. ಗೊತ್ತಿದೆ, ರೊಟ್ಟಿ ಮಾಡುತ್ತಿದ್ದಾರೆ, ಕರೆಯುತ್ತೇನೆ ಇರಿ ಎಂದ. ಹಿಟ್ಟಿನ ಕೈಯ ಒಬ್ಬ ಮುದುಕಿ ಬಂದರು. ಇಬ್ಬರು ತಾಯಂದಿರು ಹತ್ತು ಮಾತು ಆಡಿದರು. ಎಲ್ಲವೂ ಮೊಣಕಾಲು ನೋವಿನ ಬಗ್ಗೆ...

ಮನೆಗೆ ಬಂದ ಅಮ್ಮ ಕೆಲವು ದಿನ ನನ್ನ ಜೊತೆ ಮಾತಾಡಲಿಲ್ಲ. ಬಾವಿಕಟ್ಟೆಯಲ್ಲಿ ಕುಳಿತು ಅತ್ತದ್ದನ್ನು ನಾನು ನೋಡಿದೆ. ಹತ್ತಿರ ಹೋಗಲು ಆಗಲಿಲ್ಲ. ಒಂದು ಮಧ್ಯಾಹ್ನ ಬಡಿಸುತ್ತಾ ತುಳುವಿನಲ್ಲಿ ಹೇಳಿದರು: "ಆ ವಿಷಯಕ್ಕೆ ನನಗೆ ಗೊತ್ತಿದ್ದ ಶಬ್ದ ಎಲ್ಲ ಬೈಗುಳವೇ ಮಗಾ. ಬೈಗುಳ ಇಲ್ಲದೆ ಕೇಳಿದ್ದು ಹಿಂದಿಯಲ್ಲೇ ಮೊದಲು. ನಿನಗೆ ನೋಡಿದ್ದ ಹುಡುಗಿಯ ಮನೆಯವರಿಗೆ ಬೇಡ ಅಂತ ಹೇಳಿ ಕಳಿಸಿದ್ದೇನೆ. ಇನ್ನು ಸ್ವಲ್ಪ ಸಾರು ಹಾಕಲಾ?"

ಮಾಸ್ತರು ಅವತ್ತು ಬೇಕೆಂದೇ ಕರೆ ಕಡಿಯದೆ ಬಿಟ್ಟರೋ, ಅಥವಾ ಅವರಿಗೂ ಕೈ ಓಡಲಿಲ್ಲವೋ? ನಾನು ಕೇಳಿದಾಗ ಡಸ್ಟರಿನ ಧೂಳು ಕೊಡವಿ, "ನಿನ್ನ ಅಮ್ಮನ ಉಚ್ಚಾರ ಒಳ್ಳೇದುಂಟು" ಎಂದರು, ಅಷ್ಟೆ.

ಆಮೇಲಿನ ವರ್ಷ ಒಕ್ಕೂಟದಿಂದ ಒಂದು ಸಲಹೆ ಬಂತು. ಪಕ್ಕದ ಕೋಣೆಯನ್ನೂ ತೆಗೆದುಕೊಂಡು ಕೇಂದ್ರವನ್ನು ದೊಡ್ಡದು ಮಾಡಿ, ದಿನವೂ ಒಬ್ಬರು ಇರುವ ಹಾಗೆ ನೋಡೋಣ, ನಾವು ಬೆನ್ನಿಗಿದ್ದೇವೆ. ಆದರೆ ಹೊರಗೆ ನಿಜವಾದ ಹೆಸರು ಹಾಕಿ. ನಿಮ್ಮನ್ನು ಹುಡುಕಿಕೊಂಡು ಬರುವವರು ಹಿಂದಿ ತರಗತಿ ಎಂಬ ಬೋರ್ಡು ನೋಡಿ ಹಿಂದೆ ಹೋಗುತ್ತಿರಬಹುದಲ್ಲ?

ಆ ಮಾತು ನಿಜವಾಗಿತ್ತು. ಮೆಟ್ಟಿಲಿನವರೆಗೆ ಬಂದು ತಿರುಗಿಹೋದ ಒಬ್ಬನ ಸುದ್ದಿ ನಮಗೆ ಆಮೇಲೆ ತಿಳಿದಿತ್ತು. ಅಕ್ಕ ಮೊದಲು ಒಪ್ಪಿದಳು, ಮತ್ತೆ ನರ್ಸುಗಳು, ಮತ್ತೆ ನಾನು. ಡ್ರೈವರ್ ಕೂಡ ತಲೆಯಾಡಿಸಿದ. ಆಗುವುದಿಲ್ಲ ಎಂದದ್ದು ಮಾಸ್ತರೊಬ್ಬರೇ. ಅಷ್ಟು ಊರುಗಳ ಜನಕ್ಕೆ ಧೈರ್ಯ ಹೇಳಿದ ಮನುಷ್ಯ ತಮ್ಮನ ಮನೆಯನ್ನು, ಬಸ್ಸಿನಲ್ಲಿ ನಮಸ್ಕಾರ ಹೇಳುವ ಹಳೆ ಶಿಷ್ಯರನ್ನು ನೆನೆದು ಹೆದರಿದರು. ನನಗೆ ಸಿಟ್ಟು ಬಂತು, ದುಃಖವೂ ಆಯಿತು. ಯಾರ ಹೆದರಿಕೆ ಯಾವಾಗ ಕಡಿಮೆಯಾಗಬೇಕು ಎಂದು ಇನ್ನೊಬ್ಬರು ಹೇಳುವ ಹಾಗಿಲ್ಲ ಎಂದು ಅವರೇ ನಮಗೆ ಕಲಿಸಿದ್ದರು, ಹಾಗಾಗಿ ಸುಮ್ಮನಿದ್ದೆ. ಬೇಸಗೆ ಕಳೆದು ಮಳೆ ಹಿಡಿದಾಗ ಅವರೇ ಒಂದು ಭಾನುವಾರ ಹೇಳಿದರು:

"ಹೆಸರು ನಾನೇ ಬರೀತೇನೆ. ಮಳೆ ಒಮ್ಮೆ ಹೋಗ್ಲಿ ಮಾರಾಯ. ಈಗ ಬರೆದ್ರೆ ಪೈಂಟು ಒಣಗುದಿಲ್ಲ."

ಹೊಸ ತಗಡು ತರಿಸಿ ಗೋಡೆಗೆ ಒರಗಿಸಿಟ್ಟೆವು. ಅವರು ಆಗಾಗ ಅದರ ಮುಂದೆ ನಿಂತು ಅಕ್ಷರದ ಅಳತೆ ನೋಡುವ ಹಾಗೆ ಗಾಳಿಯಲ್ಲಿ ಬೆರಳಾಡಿಸುತ್ತಿದ್ದರು.

ಆಟಿ ತಿಂಗಳ ಮಳೆಯಲ್ಲಿ, ಬೆಳಗ್ಗೆ ಚಹಾ ಕುಡಿಯುತ್ತಿದ್ದಾಗ ಮಾಸ್ತರ ಹೃದಯ ನಿಂತುಹೋಯಿತು.

ನಾವೆಲ್ಲ ಎಡನೀರಿನ ಕಡೆಯ ಆ ಮನೆಗೆ ಹೋದೆವು. ಅಕ್ಕ ಗೇಟಿನ ಹೊರಗೇ ನಿಂತಳು. ಅಮ್ಮ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಬಂದರು. ಮಾಸ್ತರ ತಮ್ಮನ ಮಗ ನಮ್ಮನ್ನು ನೋಡಿ, ನೀವು ಯಾರು ಎಂದು ಕೇಳಿದ. ಹಿಂದಿ ಕ್ಲಾಸಿನವರು ಎಂದೆವು. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ನಮ್ಮನ್ನು ಬದುಕಿಸಿದ ಮನುಷ್ಯನ ಪಕ್ಕದಲ್ಲಿ ನಿಂತು ನಾವು ಹೇಳಬಹುದಾಗಿದ್ದದ್ದು ಅಷ್ಟೇ.

ಅಷ್ಟರಲ್ಲಿ ಮಾಸ್ತರ ಮೊಬೈಲು ಹೊಡೆದುಕೊಂಡಿತು. ಒಕ್ಕೂಟದವರಿಗೆ ನಾನೇ ಸುದ್ದಿ ತಿಳಿಸಿದ್ದೆ. ಯಾರಿಗೆ ಫೋನ್ ಮಾಡಿ ಅಳಬೇಕೆಂದು ತಿಳಿಯದೆ ಅವರು ಮಾಸ್ತರ ನಂಬರಿಗೇ ಮಾಡುತ್ತಿದ್ದರು. ತಮ್ಮನ ಮಗ ಎತ್ತಿದ, ಅತ್ತ ಕಡೆಯ ಹಿಂದಿ ಅವನಿಗೆ ಅರ್ಥವಾಗಲಿಲ್ಲ. ಹಿಂದಿ ಬರುವವರು ಯಾರಾದರೂ ಉಂಟಾ ಎಂದು ಸುತ್ತ ನೋಡಿದ. ಅಮ್ಮ ಕೈ ಚಾಚಿದರು.

ಅದು ಬಿಹಾರದ ಆ ಹೆಂಗಸು. ಅವಳ ಅಳು ನನಗೂ ಕೇಳಿಸುತ್ತಿತ್ತು. ನೀವು ಅವರಿಗೆ ಏನಾಗಬೇಕು ಎಂದು ಅಮ್ಮ ಹಿಂದಿಯಲ್ಲಿ ಕೇಳಿದರು. ಅವಳು ಹೇಳಿದ್ದನ್ನು ಕಣ್ಣುಮುಚ್ಚಿ ಕೇಳಿದರು.

"ಯಾರಂತೆ? ಎಂತ ಹೇಳ್ತಾರೆ?" ಎಂದ ತಮ್ಮನ ಮಗ. ಜಗಲಿಯಲ್ಲಿದ್ದ ನೆಂಟರೆಲ್ಲ ಇತ್ತ ತಿರುಗಿದರು. ಮಾಸ್ತರು ಕಾಪಾಡಿಕೊಂಡದ್ದನ್ನು ಬಿಟ್ಟುಕೊಡುವ ಹಾಗಿಲ್ಲ. ಅವರ ಎದುರಿಗೇ ಸುಳ್ಳು ಹೇಳುವ ಹಾಗೂ ಇಲ್ಲ.

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅವರ ಮನೆಯವರಂತೆ. ದೂರ ಉಂಟು, ಬರ್ಲಿಕ್ಕೆ ಆಗುದಿಲ್ಲ ಹೇಳಿ ಅಳ್ತಾ ಇದ್ದಾರೆ."

"ಯಾವ ಮನೆಯವರು?"

"ಹಿಂದಿಯ ಕಡೆಯವರು ಮಗಾ."

ಫೋನ್ ಇಟ್ಟ ಕೂಡಲೇ ಮತ್ತೊಂದು ಕರೆ ಬಂತು. ಅದಾದ ಮೇಲೆ ಇನ್ನೊಂದು. ಅಮ್ಮ ಜಗಲಿಯ ಮೂಲೆಯಲ್ಲಿ ಕುಳಿತು ಒಂದೊಂದನ್ನೇ ಎತ್ತಿದರು, ಪ್ರತಿಯೊಂದಕ್ಕೂ ಮನೆಯವರು ಎಂದೇ ಹೇಳಿದರು. ತಮ್ಮನ ಮಗ ಮೊದಲು ಅಮ್ಮನನ್ನು ನೋಡಿದ, ಮತ್ತೆ ಅಕ್ಕನನ್ನು, ಮತ್ತೆ ನಮ್ಮನ್ನೆಲ್ಲ ನಿಧಾನವಾಗಿ ನೋಡಿದ. ಅವನಿಗೆ ಏನು ತಿಳಿಯಿತೋ ಅವತ್ತೂ ಗೊತ್ತಾಗಲಿಲ್ಲ, ಇವತ್ತಿಗೂ ಗೊತ್ತಿಲ್ಲ. ಚಿತೆಯ ಹತ್ತಿರ ಮನೆಯವರು ಒಬ್ಬೊಬ್ಬರಾಗಿ ಮಾವಿನ ಕಟ್ಟಿಗೆಯ ತುಂಡು ಇಟ್ಟು ಮುಗಿಸಿದ ಮೇಲೆ ನಮ್ಮ ಕಡೆ ಬಂದು ಮೆಲ್ಲಗೆ ಹೇಳಿದ:

"ನೀವೂ ಇಡಿ. ಆ ಅಕ್ಕನಿಗೂ ಹೇಳಿ."

ಮಳೆ ಬಿಟ್ಟ ಮೇಲೆ ಹೊಸ ತಗಡಿನ ಮೇಲೆ ಕೇಂದ್ರದ ಹೆಸರು ಬರೆದೆವು. ಪೇಟೆಯ ಪೈಂಟರು ಬರೆದದ್ದು, ಅಕ್ಷರ ಚಂದವೇ ಇದೆ. ಆದರೆ ಅದು ಅವರ ಅಕ್ಷರವಲ್ಲ. ಆ ಹೆಸರಿನ ಕೆಳಗೆ ಅವರು ಒಂದು ದಿನವಾದರೂ ನಿಲ್ಲಬೇಕಿತ್ತು... ಅದರಡಿಯಲ್ಲಿ ಹಳೆಯ 'ಹಿಂದಿ ತರಗತಿ' ಬೋರ್ಡನ್ನೂ ಹಾಗೆಯೇ ಬಿಟ್ಟಿದ್ದೇವೆ. ಪೇಟೆಯಲ್ಲಿ ಕೆಲವರು ಮುಖ ತಿರುಗಿಸಿದರು, ಟೈರ್ ಅಂಗಡಿಯವರು ಏನೂ ಹೇಳಲಿಲ್ಲ. ಮೊದಲ ಅರ್ಧ ಗಂಟೆಯ ಪಾಠ ಈಗಲೂ ಇದೆ. ಪಾಠ ಮಾಡುವುದು ನನ್ನ ಅಮ್ಮ.

"ಆ ಮನೋಳಿ ಸೊಪ್ಪು ಬಿಸಾಡ್ಬೇಡ, ಬೋರ್ಡು ತಿಕ್ಕಲಿಕ್ಕೆ ಬೇಕು" ಎಂದು ಕಳೆದ ಶನಿವಾರ ನಾನು ಚಪ್ಪರ ಸವರುವಾಗ ಅಮ್ಮ ಒಳಗಿನಿಂದ ಕೂಗಿದರು. ತುಳುವಿನಲ್ಲಿ ತೊಂಡೆಗೆ ಮನೋಳಿ. ಟೆರೇಸಿನ ಬಳ್ಳಿ ಮಾಸ್ತರು ಹೋದ ಮರುವರ್ಷವೇ ಒಣಗಿತ್ತು, ನಾವು ನೀರು ಹಾಕದೆ ಇದ್ದದ್ದಲ್ಲ. ಈಗ ಮನೆಯಿಂದ ಒಯ್ಯುತ್ತೇವೆ. ಮರುದಿನ ಭಾನುವಾರ ಬೇಗ ಹೋಗಿ ತೋಳು ಮಡಚಿ ಕರಿಹಲಗೆ ತಿಕ್ಕಿದೆ. ಕೈ ತೊಳೆಯುವ ಮೊದಲೇ ಸಹಾಯವಾಣಿಯಿಂದ ಸಂದೇಶ ಬಂತು. ನಿಮ್ಮ ಜಿಲ್ಲೆಯ ಒಬ್ಬರು ಫೋನ್ ಮಾಡಿದ್ದಾರೆ, ತುಂಬ ಹೆದರಿದ್ದಾರೆ, ಮಾತಾಡುತ್ತೀರಾ?

ನಂಬರು ಒತ್ತಿದೆ. ಅತ್ತ ಕಡೆ ಎತ್ತಿದರು, ಮಾತಿಲ್ಲ, ಉಸಿರು ಮಾತ್ರ. ಬಾಯಿ ತೆರೆಯುವ ಮೊದಲು ನನ್ನ ಹಸಿರಾದ ಬೆರಳು ತಾನಾಗಿಯೇ ಮೇಜಿಗೆ ಟಕ್ ಟಕ್ ಎಂದು ಬಡಿಯಿತು. ಆ ಸದ್ದು ಯಾರದೆಂದು ಅತ್ತ ಕಡೆಯವರಿಗೆ ಗೊತ್ತಿರಲಿಲ್ಲ. ನಾನು ಕಣ್ಣೊರೆಸಿಕೊಂಡು, ಊಟ ಆಯಿತೇ ಎಂದು ಹಿಂದಿಯಲ್ಲಿ ಕೇಳಿದೆ.